ನದಿ ಒಳಗೆ ಬರಲಿ, ಹಲಗೆ ಸ್ವಲ್ಪ ಕಾಯಲಿ

ಇಂಗ್ಲೆಂಡಿನಲ್ಲಿ ನದಿ ದಂಡೆಯ ಹಳೇ ಮನೆ ಕೊಂಡವರಿಗೆ ಎರಡು ಭಯ. ಒಂದು, ನೀರು ಒಳಗೆ ನುಗ್ಗಿಬಿಟ್ಟರೆ? ಎರಡು, ನುಗ್ಗದಂತೆ ತಡೆದದ್ದು ಕೌನ್ಸಿಲ್ಲಿಗೆ, ಅಂದರೆ ಊರಿನ ಸ್ಥಳೀಯ ಆಡಳಿತಕ್ಕೆ, ಗೊತ್ತಾದರೆ?

ಹಳೇ ಕಟ್ಟಡಗಳನ್ನು ಕಾಪಾಡಲು ಸರ್ಕಾರ ಮಾಡಿದ ಪಾರಂಪರಿಕ ಪಟ್ಟಿಗೆ ಸೇರಿದ ಮನೆಯೆಂದರೆ ಹೊರಗೋಡೆ ಮಾತ್ರವಲ್ಲ. ಒಳಗಿನ ಮೆಟ್ಟಿಲು, ಬಾಗಿಲು, ಗಾರೆ, ನೆಲಹಾಸು ಎಲ್ಲವೂ ಕಾನೂನಿನ ಮಡಿಲಲ್ಲಿ. ಅದರ ಸ್ವರೂಪ ಕೆಡಿಸುವ ಕೆಲಸವನ್ನು ಅನುಮತಿಯಿಲ್ಲದೆ ಮಾಡಿದರೆ 1990ರ ಕಾಯ್ದೆಯಡಿ ಎರಡು ವರ್ಷದವರೆಗೂ ಜೈಲು. ಅದೇ ಮೆಟ್ಟಿಲು, ಅದೇ ಗಾರೆಯನ್ನು ಒಂದೇ ರಾತ್ರಿಯಲ್ಲಿ ಕಿತ್ತುಹಾಕಿದ ನದಿಗೆ ಸಮನ್ಸ್ ಹೋಗುವುದಿಲ್ಲ. ವಿಳಾಸ ಬೇಕಲ್ಲ! ಕಳೆದ ವಾರ ಅದು ತಂಗಿದ್ದ ವಿಳಾಸ ನಮ್ಮದೇ.

ಮೊದಲು ಹಲಗೆಯ ವಿಚಾರ. ನೀರು ಬರುವ ಮುನ್ನ ಬಾಗಿಲಿಗೆ ಅಡ್ಡ ಸಿಕ್ಕಿಸುವ ಹಲಗೆ. ಆಮೇಲೆ ತೆಗೆದಿಡುವಂಥದ್ದಾದರೆ ಸಾಮಾನ್ಯವಾಗಿ ಯಾರ ತಕರಾರೂ ಇಲ್ಲ. ಆದರೆ ಅದು ಕೂರಲು ಚೌಕಟ್ಟು ಬೇಕು, ಚೌಕಟ್ಟಿಗೆ ಸ್ಕ್ರೂ ಬೇಕು, ಸ್ಕ್ರೂಗೆ ಮುನ್ನೂರು ವರ್ಷದ ಕಲ್ಲಿನಲ್ಲಿ ತೂತು ಬೇಕು. ತೂತಿಗೆ ಅನುಮತಿ 'ಬೇಕಾಗಬಹುದು'. ಈ 'ಬಹುದು' ಎಂಬ ಮೂರಕ್ಷರದ ಮೇಲೆ ಒಂದು ಇಲಾಖೆಯೇ ನಿಂತಿದೆ. ಒಟ್ಟು ತಾತ್ಪರ್ಯ: ರಕ್ಷಣೆ ಇರಬಹುದು, ಆದರೆ ಇದ್ದಂತೆ ಕಾಣಬಾರದು. ರಾತ್ರಿ ಮೂರು ಗಂಟೆಗೆ ಟಾರ್ಚು ಹಿಡಿದು, ಮೆಟ್ಟಿಲ ಕೆಳಗಿನ ಹಳೇ ಸೂಟ್‌ಕೇಸುಗಳ ಹಿಂದೆ ಆ ಹಲಗೆ ಹುಡುಕುವಾಗ ಮೊಣಕಾಲಿಗೆ ತಣ್ಣಗೆ ಏನೋ ತಾಗುತ್ತದಲ್ಲ, ಅದು ಪರಂಪರೆ ಅಂದುಕೊಳ್ಳಬೇಕು.

ನಿಜವಾದ ಮಜಾ ಇರುವುದು ನೀರು ಇಳಿದ ಮೇಲೆ. ಇದ್ದದ್ದನ್ನು ಇದ್ದ ಹಾಗೇ ದುರಸ್ತಿ ಮಾಡಿದರೆ ಸಾಮಾನ್ಯವಾಗಿ ಯಾರನ್ನೂ ಕೇಳಬೇಕಿಲ್ಲ. ಗೋಡೆಯ ಬುಡದ ಸ್ಕರ್ಟಿಂಗ್ ಪಟ್ಟಿಯ ಪಕ್ಕದಲ್ಲೇ ಪ್ಲಗ್ ಇತ್ತೇ? ಅಲ್ಲೇ ಹಾಕಿ. ಬಿಸ್ಕತ್ತಿನಂತೆ ನೆನೆದು ಉದುರಿದ ಜಿಪ್ಸಮ್ ಹಾಳೆಯ ಜಾಗಕ್ಕೆ ಹೊಸ ಬಿಸ್ಕತ್ತು ಜೋಡಿಸಿ. ಆದರೆ 'ಈ ಸಲ ಪ್ಲಗ್ಗನ್ನು ಎದೆಯೆತ್ತರಕ್ಕೆ ಏರಿಸೋಣ' ಎಂದು ಹಳೇ ಗೋಡೆಗೆ ಉಳಿ ಇಟ್ಟಿರೋ, ಅದು 'ಬದಲಾವಣೆ', ಅರ್ಜಿ ಬೇಕಾದೀತು. ಮತ್ತೆ ಮುಳುಗಲು ಯಾರ ಅಪ್ಪಣೆಯೂ ಬೇಡ. ಬುದ್ಧಿ ಕಲಿತರೆ ಮಾತ್ರ ನಕಾಶೆ ಸಮೇತ ಕೌನ್ಸಿಲ್ಲಿಗೆ ತಿಳಿಸಬೇಕು.

ಅಧಿಕಾರಿಗಳ ಕಡೆಗೂ ನ್ಯಾಯವಿದೆ ಅನ್ನಿ. ಹಳೇ ಕಲ್ಲುಗೋಡೆಗೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಬರಲಾರದೆ ಗೋಡೆಯೇ ಕೊಳೆಯುತ್ತದೆ. ಸುಣ್ಣದ ಗಾರೆ ಉಸಿರಾಡುತ್ತದೆ, ಒದ್ದೆಯಾದರೂ ಒಣಗುತ್ತದೆ. ಕಲ್ಲು ಚಪ್ಪಡಿ, ಸುಣ್ಣ, ಓಕ್ ತೊಲೆಗಳಿಂದ ಕಟ್ಟಿದ ಮನೆಗೆ ನದಿಯ ಜೊತೆ ಬಾಳಿ ಗೊತ್ತಿತ್ತು. ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿ, ಚಿಪ್‌ಬೋರ್ಡಿನ ಅಡುಗೆಮನೆ ಕೂರಿಸಿ ಅದಕ್ಕೆ ಮರೆವು ತರಿಸಿದವರು ನಾವೇ. ಈಗ ಆ ನೆನಪನ್ನು ವಾಪಸು ತರಿಸುವುದಕ್ಕೂ ಫಾರಂ ತುಂಬುವುದಿರಬಹುದು.

ವೂಸ್ಟರ್ ನಗರಕ್ಕೆ ಹೋದರೆ ಕ್ಯಾಥೆಡ್ರಲ್ ಬಳಿ, ನದಿಯ ಕಡೆಗಿನ ಹಳೇ ಹೆಬ್ಬಾಗಿಲಾದ ವಾಟರ್‌ಗೇಟ್‌ನ ಗೋಡೆ ನೋಡಿ. ಸೆವರ್ನ್ ನದಿ ಯಾವ ವರ್ಷ ಎಲ್ಲಿವರೆಗೆ ಏರಿತ್ತೆಂದು ಕೊರೆದಿದ್ದಾರೆ: 1770 ಇಲ್ಲಿ, 1947 ಇಲ್ಲಿ. ಪ್ರವಾಸಿಗರು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನೋಡಿ, ಬಂದು ಹೋದ ನೀರಿನ ಗುರುತೇ ಪರಂಪರೆ. ಬರುವ ನೀರಿಗೆ ಅಡ್ಡ ಹಾಕುವ ಸ್ಕ್ರೂ ಅತಿಕ್ರಮಣ.

ಇನ್ನೊಂದು ಸೂಚನೆಯಂತೂ ಪರಮಾನಂದ. ನೀರು ಸುಮಾರು 600 ಮಿಲಿಮೀಟರ್ ದಾಟಿದರೆ ತಡೆಯಬೇಡಿ, ಹೊರಗಿನ ಒತ್ತಡಕ್ಕೆ ಗೋಡೆಯೇ ಬಿರಿದೀತು, ಒಳಗೆ ಬಿಡಿ ಎನ್ನುತ್ತಾರೆ. ಎಂಜಿನಿಯರಿಂಗ್ ಲೆಕ್ಕದಲ್ಲಿ ಇದು ಸರಿಯೇ. ಆದರೂ ಇಡೀ ಕಡತದಲ್ಲಿ ಯಾವ ಅರ್ಜಿಯೂ ಇಲ್ಲದೆ ಕೈಗೂಡುವ ಕೆಲಸ ಬಾಗಿಲು ತೆರೆದು 'ಬನ್ನಿ' ಅನ್ನುವುದೊಂದೇ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಪುಣ್ಯವಂತರು, ಕೇಳದೇ ಹಾಕಿಬಿಟ್ಟರು! ಇಲ್ಲಿ ಅರ್ಜಿಗೆ ಶುಲ್ಕವಿಲ್ಲ ನಿಜ. ಜೊತೆಗೆ ಲಗತ್ತಿಸಬೇಕಾದ ಪಾರಂಪರಿಕ ವಿವರಣೆ ಬರೆಯುವ ಪರಿಣಿತರು ಮಾತ್ರ ಪುಕ್ಕಟೆ ಬರೆಯುವುದಿಲ್ಲ. ತೀರ್ಮಾನಕ್ಕೆ ಎಂಟು ವಾರದ ಗಡುವು. ನದಿಗೆ ಒಂದು ರಾತ್ರಿ ಸಾಕು. ನಡುವೆ ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸಲು 21 ದಿನ. ಅದಕ್ಕಾಗಿ ಮನೆಯೆದುರಿನ ದೀಪದ ಕಂಬಕ್ಕೆ ನೋಟಿಸು ಕಟ್ಟುತ್ತಾರೆ. ಮಳೆಗೆ ನೆನೆಯಬಾರದೆಂದು ಎರಡೂ ಕಡೆ ಪ್ಲಾಸ್ಟಿಕ್ ಹೊದಿಸಿ, ಅಂಚು ಬೆಸೆದು, ನೀರು ಮುಟ್ಟದ ಎತ್ತರಕ್ಕೆ. ಇದಕ್ಕೆ ಮಾತ್ರ ಯಾರೂ ಅನುಮತಿ ಕೇಳಿದ ಹಾಗಿಲ್ಲ.