ಕ್ಯೂಆರ್ ಕೋಡ್ ಇಲ್ಲದ ಕುರಿ

ಬೆಂಗಳೂರಿನಲ್ಲಿರುವ ಅಕ್ಕನ ಮಗ ಕಳೆದ ರವಿವಾರ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದ. ಬಿಳಿ ತಟ್ಟೆ, ಅದಕ್ಕೆ ಬಿಗಿದ ಪ್ಲಾಸ್ಟಿಕ್ಕು, ಒಳಗೆ ಅರ್ಧ ಕೆಜಿ ಮಟನ್ನು. ಮೇಲಿನ ಚೀಟಿಯಲ್ಲಿ ‘ಹುಲ್ಲುಗಾವಲಲ್ಲಿ ಮೇಯ್ದ, ಹಾರ್ಮೋನ್‌ರಹಿತ, ಒತ್ತಡರಹಿತ ಕುರಿ’. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಕುರಿಯ ಊರು ಬರುತ್ತದಂತೆ. ಇವನಿಗೆ ಬಂದದ್ದು ಕೊಪ್ಪಳ ಜಿಲ್ಲೆ. “ಮಾಮಾ, ನಿಮ್ಮೂರಿಂದs ಐತಿ, ಪೂರಾ ನ್ಯಾಚುರಲ್!” ಎಂದು ಕೆಳಗೆ ಬರೆದಿದ್ದ. ದರ ಕೇಳಿದೆ. ಕೇಳಬಾರದಿತ್ತು.

ಹಾಲುಹಲ್ಲು ಬಿದ್ದಾಗಿನಿಂದ ನಾನು ಇದನ್ನೇ ತಿನ್ನುತ್ತಿದ್ದೇನೆ ಎಂಬುದು ನನಗೆ ಗೊತ್ತೇ ಇರಲಿಲ್ಲ ನೋಡಿ. ನಮ್ಮ ಓಣಿಯ ಮಟನ್ ಅಂಗಡಿ ಚಾಚಾನ ಬಳಿ ಕೋಡೂ ಇಲ್ಲ, ಚೀಟಿಯೂ ಇಲ್ಲ. ಬಾಲ ಕತ್ತರಿಸದೆ ಹಾಗೇ ತೂಗುಹಾಕಿರುತ್ತಾನೆ. ಹೋತೋ ಆಡೋ ಎಂದು ಅನುಮಾನಪಟ್ಟವರಿಗೆ ಅವನು ತೋರಿಸುವ ಪುರಾವೆಯನ್ನು ಸಭ್ಯರ ಅಂಕಣದಲ್ಲಿ ಬರೆಯುವಂತಿಲ್ಲ. ಊರಲ್ಲಾದರೆ ಹತ್ತು ಮನೆಯವರು ಸೇರಿ ಒಂದು ಟಗರು ಕೊಯ್ಸಿ ಪಾಲು ಹಾಕಿಕೊಳ್ಳುವುದಿತ್ತು. ತಲಿ-ಕಾಲು ಯಾರ ಮನೆಗೆ ಎಂಬ ಜಗಳದಲ್ಲಿ ಬೀಗರು ಮಾತು ಬಿಟ್ಟದ್ದುಂಟು. ಆ ಜಗಳಕ್ಕೆ ಈಗ ‘ಲೋಕಲ್ ಸೋರ್ಸಿಂಗ್’ ಅನ್ನುತ್ತಾರಂತೆ.

ಒತ್ತಡರಹಿತ ಎಂಬ ಮಾತಿಗೆ ಬರೋಣ. ಗಿಣಿಗೇರಿ ಕಡೆಯ ರಸ್ತೆಯಲ್ಲಿ ಅದಿರು ಲಾರಿಗಳ ನಡುವೆ ಹಿಂಡು ದಾಟಿಸುವವನನ್ನು ನೋಡಿದ್ದೀರಲ್ಲ? ಕುರಿಗೆ ಒತ್ತಡ ಇಲ್ಲದಿರಬಹುದು. ಅದರದ್ದೆಲ್ಲ ಕುರಿಗಾಯುವ ಅಜ್ಜನ ತಲೆ ಮೇಲಿದೆ. ಮೇವಂತೂ ಅದ್ಭುತ. ಸ್ಪಾಂಜ್ ಐರನ್ ಕಾರ್ಖಾನೆಗಳ ಅಕ್ಕಪಕ್ಕ ಹುಲ್ಲು ಒಮ್ಮೆ ಸವರಿದರೆ ಅಂಗೈ ಕರ್ರಗೆ. ರೇಷನ್ ಅಕ್ಕಿಗೆ ಕಬ್ಬಿಣಾಂಶ ಸೇರಿಸಲು ಸರ್ಕಾರ ಎಷ್ಟೊಂದು ಖರ್ಚು ಮಾಡಿತು! ನಮ್ಮ ಕುರಿ ಅದನ್ನು ಪುಕ್ಕಟೆ ಸೇರಿಸಿಕೊಂಡು ಬರುತ್ತದೆ. ಕಂಪನಿಯವರು ಚೀಟಿಯಲ್ಲಿ ಇದನ್ನು ಯಾಕೆ ಬರೆದಿಲ್ಲವೋ. ಬಳ್ಳಾರಿಯದಾದರೆ ಡಬಲ್ ಸ್ಟ್ರಾಂಗ್ ಎಂದೇ ಹಾಕಬಹುದು.

ಸರ್ಕಾರವೂ ಸುಮ್ಮನೆ ಕೂತಿಲ್ಲ ಬಿಡಿ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 100 ಕುರಿ, 5 ಟಗರಿನ ಘಟಕ ಮಾಡಿದರೆ ಅರ್ಧ ಸಬ್ಸಿಡಿ, 10 ಲಕ್ಷದವರೆಗೆ. ಅಜ್ಜನ ಹತ್ತಿರ 100 ಕುರಿ ಆಗಲೇ ಇವೆ. ಇಲ್ಲದಿರುವುದು ಜಾಗದ ಕಾಗದ, ಶೆಡ್ಡು, ಪ್ರಾಜೆಕ್ಟ್ ರಿಪೋರ್ಟು, ಸಾಲ ಕೊಡುವ ಬ್ಯಾಂಕು. ಅವನ ಶೆಡ್ಡು ಒಂದು ಕಂಬಳಿ. ಸುಗ್ಗಿ ಮುಗಿದ ಮೇಲೆ ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆಗಳಲ್ಲಿ ರಾತ್ರಿ ಕುರಿ ತರುಬಿ, ಹಿಕ್ಕಿಯ ಗೊಬ್ಬರ ಕೊಟ್ಟು, ರೈತ ಕೊಟ್ಟಷ್ಟು ಕಾಳು-ಕಾಸು ಪಡೆದು ಮುಂದಿನ ಹೊಲಕ್ಕೆ ನಡೆಯುವವನು ಯಾವ ಸರ್ವೆ ನಂಬರ್ ಬರೆದುಕೊಡಬೇಕು? ಹಾಗಾಗಿ ಸಬ್ಸಿಡಿ ಕಟ್ಟಿ ಮೇಯಿಸುವವರಿಗೆ, ‘ಹುಲ್ಲುಗಾವಲು’ ಎಂಬ ಚೀಟಿ ಪ್ಯಾಕ್ ಮಾಡುವವರಿಗೆ, ನಡೆಯುವುದು ಮಾತ್ರ ಅಜ್ಜನಿಗೆ.

ನಡುವೆ ತೋಳದ ವಿಷಯ. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಕ್ಕೆ ಧಾಮ ಆಗಿದೆ. ಒಳ್ಳೆಯದೇ, ನನಗೇನೂ ಹೊಟ್ಟೆಕಿಚ್ಚಿಲ್ಲ. ಚೀಟಿ ಓದದೆ, ಸ್ಕ್ಯಾನ್ ಮಾಡದೆ, ಹುಲ್ಲು ಮೇಯ್ದ ಕುರಿಯನ್ನೇ ಆರಿಸಿಕೊಳ್ಳುವ ಗಿರಾಕಿ ಈ ಜಿಲ್ಲೆಯಲ್ಲಿ ಅದೊಂದೇ. ತಿನ್ನುವ ತೋಳಕ್ಕೆ ನಕ್ಷೆಯಲ್ಲಿ ಗೆರೆ ಎಳೆದು ಜಾಗ ಕೊಟ್ಟರು. ತಿನ್ನಿಸಿಕೊಳ್ಳುವ ಕುರಿಗೆ?

ಕುರಿಗೆ ಗಾಯರಾಣ, ಅಂದರೆ ಊರೊಟ್ಟಿನ ಗೋಮಾಳ, ಇತ್ತು. ಊರಿಗೊಂದು ಇತ್ತು. ಒಂದಷ್ಟು ಕಾರ್ಖಾನೆಗೆ ಹೋಯಿತು, ಒಂದಷ್ಟು ಆಫೀಸು-ಹಾಸ್ಟೆಲ್ಲು-ಲೇಔಟಿಗೆ, ಉಳಿದದ್ದನ್ನು ಪ್ರಭಾವಿಗಳು ಉತ್ತು ಬಿತ್ತಿಕೊಂಡರು. 2025ರ ಫೆಬ್ರವರಿಯಲ್ಲಿ ಕಾರ್ಖಾನೆ ವಿಸ್ತರಣೆ ಬೇಡ ಎಂದು ಕೊಪ್ಪಳ ಬಂದ್ ಆಯಿತು, ಗವಿಮಠದ ಸ್ವಾಮಿಗಳೇ ಬೀದಿಗೆ ಬಂದರು. ಅಷ್ಟು ಜನ ಸೇರಿ ಕೇಳಿದ್ದು ಉಸಿರಾಡುವ ಗಾಳಿ. ಹುಲ್ಲು ಕೇಳುವ ಸರದಿ ಇನ್ನೂ ಬಂದಿಲ್ಲ, ಬರುವ ಹೊತ್ತಿಗೆ ಕೇಳುವ ಕುರಿಗಾಹಿಯೂ ಇರುವುದಿಲ್ಲ. ಹುಲ್ಲು ಬೆಳೆಯುವ ನೆಲ ಮಾರಿ ತಿಂದು, ‘ಹುಲ್ಲು’ ಎಂಬ ಅಕ್ಷರಕ್ಕೆ ದುಪ್ಪಟ್ಟು ದರ ಹಾಕುವ ನಮಗೆ ನಾಚಿಕೆಯಾಗಬೇಕು. ವ್ಯಂಗ್ಯ ಬರೆಯಲು ಕೂತವನು ನಾನು, ಕ್ಷಮಿಸಿ.

ಮೊನ್ನೆ ಬೈಪಾಸಿನಲ್ಲಿ ಕೆಂಗುರಿ ಹಿಂಡು ಅಡ್ಡ ಬಂತು. ಬೈಕು ನಿಲ್ಲಿಸಿ, ಹಿಂದಿದ್ದ ಅಜ್ಜನಿಗೆ ಫೋನು ತೆಗೆದು ಆ ಕಂಪನಿಯ ಜಾಹೀರಾತು ತೋರಿಸಿದೆ. ದರ ನೋಡಿ ಬೆಚ್ಚಿಬೀಳುತ್ತಾನೆ ಅಂದುಕೊಂಡಿದ್ದೆ. ದರದ ಕಡೆ ಅವನ ಕಣ್ಣು ಹೋಗಲೇ ಇಲ್ಲ. ಕುರಿ ಹಿಂದೆ ಗುಡ್ಡದ ತುಂಬ ಹಸಿರು ಹಾಸಿಕೊಂಡಿದ್ದ ಚಿತ್ರವನ್ನೇ ಹೊತ್ತು ಹೋಗುವ ತನಕ ನೋಡಿದ.

“ಈ ಹುಲ್ಲು ಎಲ್ಲಿ ಐತ್ರೀ ಸಾಹೇಬ್ರ? ಇವತ್ತ ಹೊಂಟ್ರ ಎಷ್ಟು ದಿನಕ್ಕ ಮುಟ್ಟತೀವಿ?”