ಹಲ್ಲಿ ಲೊಚಗುಟ್ಟಲಿಲ್ಲ

ಮೇ ತಿಂಗಳಲ್ಲಿ ನಮ್ಮ ಪಡಸಾಲೆಯ ಟ್ಯೂಬ್‌ಲೈಟ್ ಕಣ್ಣು ಹೊಡೆಯಲು ಶುರುಮಾಡಿತು. ಕಲಬುರಗಿಯಲ್ಲಿ ಆಗ 42 ಡಿಗ್ರಿ ಬಿಸಿಲು. ಓಣಿಯ ಕೂಲರೆಲ್ಲ ಒಟ್ಟಿಗೆ ತಿರುಗುವಾಗ ವೋಲ್ಟೇಜ್ ಬೀಳುತ್ತೆ, ಅದಕ್ಕೇ ಇರಬೇಕು ಅಂತ ಎರಡು ದಿನ ಸುಮ್ನಿದ್ದೆ. ಮೂರನೇ ದಿನ ರಾತ್ರಿ ಊಟಕ್ಕೆ ಕೂತರೆ ರೊಟ್ಟಿ ಒಮ್ಮೆ ಕಾಣುತ್ತೆ, ಒಮ್ಮೆ ಇಲ್ಲ. ಪಲ್ಯ ಅಂತ ಶೇಂಗಾ ಹಿಂಡಿಗೆ ಕೈ ಹಾಕಿದೆ.

"ಎಲೆಕ್ಟ್ರಿಷಿಯನ್‌ಗ ಕರೀರಿ," ಅಂದಳು ಹೆಂಡತಿ.

"ಬರೀ ಸ್ಟಾರ್ಟರ್ ಹೋಗ್ಯಾದ. ಇಷ್ಟಕ್ಕ ರೊಕ್ಕ ಯಾಕ ಕೊಡಬೇಕು?"

ಆ ಟ್ಯೂಬಿನ ಪಟ್ಟಿ ಹಿಂದೆ ಒಂದು ಹಲ್ಲಿ ವಾಸವಾಗಿದೆ. ನಾವಾಡಿದ ಮಾತಿಗೆ ಅದು ಲೊಚಗುಟ್ಟಿದರೆ ಮಾತು ಖರೆ ಅಂತ ಅವ್ವನ ಲೆಕ್ಕ. ಅವ್ವ ತಲೆ ಎತ್ತಿ ನೋಡಿದಳು. ಹಲ್ಲಿ ಗಪ್ ಚುಪ್.

"ಸ್ಟಾರ್ಟರ್ ಅಲ್ಲಪಾ ಅದು," ಅಂದಳು.

ಕುರ್ಚಿ ಹತ್ತಿ ಸ್ಟಾರ್ಟರ್ ತಿರುವಿದೆ. ಪಟ್ಟಿಯೆಲ್ಲ ಅಲುಗಾಡಿತು. ಝಗ್ ಅಂತ ಬೆಳಕು! ಅಷ್ಟಕ್ಕೇ ಇಳಿದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ನಾನು ಮಗನಿಗೆ ಪಾಠ ಹೇಳಲು ನಿಂತೆ. "ಸ್ಟಾರ್ಟರಿನೊಳಗ ಒಂದು ಸಣ್ಣ ಪತ್ತಿ ಇರ್ತದ. ಬಿಸಿಯಾದಾಗ ಬಾಗಿ ಕರೆಂಟ್ ಕೂಡಸ್ತದ, ತಣ್ಣಗಾದಾಗ ಬಿಡಸ್ತದ. ಬಿಡಿಸಿದಾಗ ಚೋಕು ಜೋರಾಗಿ ಒದಿತದ, ಟ್ಯೂಬ್ ಹತ್ತತದ. ಒಮ್ಮೆ ಹತ್ತಿದ ಮ್ಯಾಲ ಸ್ಟಾರ್ಟರ್ ಬೇಕೇ ಇಲ್ಲ, ನೋಡು!" ಅಂತ ಅದನ್ನು ಕಿತ್ತು ತೋರಿಸಿದೆ. ಟ್ಯೂಬ್ ಉರಿಯುತ್ತಲೇ ಇತ್ತು. ಮಗ ಬಾಯಿ ತೆರೆದ.

ಕರೆಂಟ್ ಹೋಯಿತು.

ಕತ್ತಲಲ್ಲಿ ಸ್ಟಾರ್ಟರ್ ಕೈಜಾರಿತು. ಶಹಾಬಾದ್ ಕಲ್ಲಿನ ನೆಲದ ಮೇಲೆ ಟಣ್ ಅಂತ ಬಿದ್ದು ಉರುಳಿದ್ದು ಕೇಳಿಸಿತು, ಎಲ್ಲಿಗೆ ಅಂತ ಗೊತ್ತಾಗಲಿಲ್ಲ. ಅರ್ಧ ತಾಸಿನ ಮೇಲೆ ಕರೆಂಟ್ ಬಂತು. ಫ್ಯಾನ್ ಬಂತು, ಕೂಲರ್ ಬಂತು, ಫ್ರಿಜ್ಜೂ ಗುರ್ ಅಂದಿತು. ಟ್ಯೂಬ್ ಮಾತ್ರ ಇಲ್ಲ. "ಒಮ್ಮೆ ಹತ್ತಿದ ಮ್ಯಾಲ ಬೇಕೇ ಇಲ್ಲಲ್ಲ?" ಅಂದ ಮಗ. ಇವನಿಗೆ ಪಾಠ ಹೇಳಲೇಬಾರದಿತ್ತು.

ಮರುದಿನ ಸೂಪರ್ ಮಾರ್ಕೆಟ್ಟಿನಲ್ಲಿ ಹೊಸ ಸ್ಟಾರ್ಟರ್ ತಂದು ಹಾಕಿದೆ. ಮತ್ತೆ ಅದೇ ಪಕಪಕ. "ಹಂಗಾದ್ರ ಚೋಕೇ," ಅಂದೆ. ಹಲ್ಲಿ ಇದಕ್ಕೂ ಸುಮ್ಮನಿತ್ತು. ಹೊಸ ಚೋಕು ಬಂತು. ಅರ್ಧ ಇಟ್ಟಿಗೆಯಷ್ಟು ಭಾರ. ಅದನ್ನು ಕೂಡಿಸಿ, ಸ್ವಿಚ್ ಹಾಕು ಅಂತ ಕೂಗಿದೆ. ಪಕಪಕ.

ಎಲ್‌ಇಡಿ ಹಾಕಿಸೋಣ ಅಂದರೆ ಅವ್ವ ಒಪ್ಪಲ್ಲ. ತೊಗರಿ ಮಾರಿದ ರೊಕ್ಕದಲ್ಲಿ ಅಪ್ಪ ತಂದ ಪಟ್ಟಿ ಅದು.

ಸೋತು ಇಳಿಯುವಾಗ ಕುರ್ಚಿಯ ಕಾಲು ಜಾರಿತು. ಗಾಬರಿಯಲ್ಲಿ ಟ್ಯೂಬನ್ನೇ ಹಿಡಿದುಕೊಂಡೆ. ಅದು ಹೋಲ್ಡರಿನೊಳಗೆ ಕಾಲು ಸುತ್ತು ತಿರುಗಿ ಟಕ್ ಅಂತ ಕೂತಿತು. ಬೆಳಕು ಬಂದೇ ಬಂತು. ಒಂದು ಸಲವೂ ಮಿಟುಕಲಿಲ್ಲ.

"ಯುಗಾದಿಗೆ ಇದನ್ನ ಬಿಚ್ಚಿ ಒರೆಸಿದವರು ಯಾರು?" ಹೆಂಡತಿ ಕೇಳಿದಳು.

ನಾನು ಹಳೆಯ ಚೋಕನ್ನು ಪೇಪರಿನಲ್ಲಿ ಸುತ್ತತೊಡಗಿದೆ.

"ಇನ್ ಮ್ಯಾಲ ಎಲೆಕ್ಟ್ರಿಷಿಯನ್‌ಗೇ ಕರೀರಿ."

ಪಟ್ಟಿ ಹಿಂದಿನಿಂದ ಲೊಚ್ ಲೊಚ್ ಲೊಚ್.