ಕೆಟ್ಟ ನೆರೆಯವ, ಕೆಟ್ಟ ನೆಂಟ

ಮುತ್ತಿಗೆಯ ಕಥೆಗಳನ್ನು ಓದುವಾಗ ನನಗೆ ರಾಜರ ಹೆಸರು ಮರೆತುಹೋಗುತ್ತದೆ, ಯಂತ್ರಗಳ ಹೆಸರು ಮಾತ್ರ ಉಳಿದುಬಿಡುತ್ತದೆ. ಫಿರಂಗಿ ಬರುವ ಮೊದಲು ಕೋಟೆ ಗೋಡೆಗೆ ಕಲ್ಲು ಬೀಸುತ್ತಿದ್ದವಲ್ಲ, ಆ ಮರದ ದೈತ್ಯಗಳು. 1191ರಲ್ಲಿ, ಈಗಿನ ಇಸ್ರೇಲಿನಲ್ಲಿರುವ ಆಕ್ರೆ ಅನ್ನುವ ಕಡಲ ತೀರದ ಊರಿನ ಹೊರಗೆ ಫ್ರಾನ್ಸಿನ ದೊರೆ ಫಿಲಿಪ್ ಇಂಥದ್ದೊಂದನ್ನು ನಿಲ್ಲಿಸಿದ್ದ. ಅದರ ಹೆಸರು ‘ಕೆಟ್ಟ ನೆರೆಯವ’. ಗೋಡೆಯ ಒಳಗಿನವರ ಹತ್ತಿರವೂ ಒಂದಿತ್ತು. ಅದಕ್ಕೆ ‘ಕೆಟ್ಟ ನೆಂಟ’ ಎಂದು ಹೆಸರು ಬಿದ್ದಿತ್ತು.

ನೆಂಟ ಆಗಾಗ ನೆರೆಯವನ ಮೈಕೈ ಮುರಿಯುತ್ತಿದ್ದ. ದೊರೆ ಮತ್ತೆ ರಿಪೇರಿ ಮಾಡಿಸಿ ನಿಲ್ಲಿಸುತ್ತಿದ್ದ. ಕೊನೆಗೆ ಊರಿನ ದೊಡ್ಡ ಗೋಡೆಯ ಒಂದು ಭಾಗವೇ ಉರುಳಿತು. ನೆರೆಯವನಿಗೂ ನೆಂಟನಿಗೂ ಹೀಗೆ ಹತ್ತಿಕೊಂಡರೆ ನಡುವಿನ ಗೋಡೆ ಉಳಿಯುತ್ತದೆಯೇ? ಹೆಸರಿಟ್ಟವನು ಯಾರೋ ಗೊತ್ತಿಲ್ಲ, ಸಂಸಾರವಂತ ಅನ್ನುವುದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಅದೇ ಆಕ್ರೆಯಲ್ಲಿ ಮೂರನೆಯದೂ ಒಂದಿತ್ತು, ‘ದೇವರ ಕವಣೆ’. ಅದು ಯಾವ ದೊರೆಯದ್ದೂ ಅಲ್ಲ, ಎಲ್ಲರ ದುಡ್ಡಿನದು. ಪಾದ್ರಿಯೊಬ್ಬ ಅದರ ಪಕ್ಕದಲ್ಲೇ ನಿಂತು ಉಪದೇಶ ಮಾಡುತ್ತಾ ಚಂದಾ ಎತ್ತುತ್ತಿದ್ದನಂತೆ. ಯಂತ್ರ ಕೆಟ್ಟರೆ ಸರಿಮಾಡಿಸೋಕೆ, ಕಲ್ಲು ಆರಿಸಿ ತರುವವರಿಗೆ ಕೂಲಿ ಕೊಡೋಕೆ. ಇಂಗ್ಲೆಂಡಿನ ರಿಚರ್ಡ್ ದೊರೆಯದ್ದು ಇನ್ನೂ ಜೋರು. ಅವನು ಸಿಸಿಲಿಯ ಮೆಸ್ಸಿನಾದಿಂದ ಗಟ್ಟಿ ಕಲ್ಲುಗಳನ್ನು ಹಡಗಿಗೆ ತುಂಬಿಸಿಕೊಂಡು ಬಂದಿದ್ದ. ಎಸೆಯೋ ಕಲ್ಲೂ ಫಾರಿನ್ನಿಂದ ಬರಬೇಕು ನೋಡಿ.

ಈ ಯಂತ್ರದ ಕೆಲಸ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ನೀರೆತ್ತುವ ಏತವನ್ನು ನೆನಪಿಸಿಕೊಳ್ಳಿ. ಕಂಬದ ಮೇಲೆ ಉದ್ದನೆಯ ಮರ, ಒಂದು ಕಡೆ ಗಿಡ್ಡ, ಇನ್ನೊಂದು ಕಡೆ ಉದ್ದ. ಗಿಡ್ಡ ತುದಿಗೆ ಹಗ್ಗಗಳನ್ನು ಕಟ್ಟಿ ಜನ ಒಟ್ಟಿಗೆ ಜಗ್ಗಿದರೆ ಉದ್ದದ ತುದಿ ಗಿರ್ರನೆ ಮೇಲೇಳುತ್ತದೆ. ಆ ತುದಿಯಲ್ಲಿ ನೇತಾಡುವುದು ಕವಣೆ. ಜೋಳದ ಹೊಲದಲ್ಲಿ ಅಟ್ಟಣೆ ಮೇಲೆ ನಿಂತು ಹಕ್ಕಿ ಓಡಿಸೋಕೆ ಬೀಸುತ್ತಾರಲ್ಲ, ಅದೇ ಕವಣೆ, ಗಾತ್ರ ಮಾತ್ರ ಜಾಸ್ತಿ. ಆಮೇಲೆ ಜಗ್ಗುವ ಜನರ ಬದಲು ಮಣ್ಣು, ಕಲ್ಲು, ಸೀಸ ತುಂಬಿದ ಭಾರದ ಪೆಟ್ಟಿಗೆಯನ್ನು ನೇತುಹಾಕಿದರು. ಜನರಿಗೆ ಸುಸ್ತಾಗುತ್ತದೆ, ಪೆಟ್ಟಿಗೆಗೆ ಆಗುವುದಿಲ್ಲ.

ಜನರೇ ಜಗ್ಗುತ್ತಿದ್ದ ಕಾಲದ್ದೊಂದು ನಮ್ಮ ಕಡೆಗೂ ಬಂದಿತ್ತು. ಎಂಟನೇ ಶತಮಾನದ ಮೊದಲಲ್ಲಿ ಮುಹಮ್ಮದ್ ಬಿನ್ ಕಾಸಿಂ ಸಿಂಧ್‌ನ ದೇಬಲ್ ಬಂದರಿಗೆ ಮುತ್ತಿಗೆ ಹಾಕಿದಾಗ ತಂದ ಯಂತ್ರದ ಹೆಸರು ‘ಅಲ್-ಅರೂಸ್’, ಅಂದರೆ ಮದುವಣಗಿತ್ತಿ. ಅದನ್ನು ನಡೆಸಲು 500 ಜನ ಬೇಕಾಗಿತ್ತು ಎಂದು ಹಳೆಯ ಅರಬ್ ಬರಹಗಾರರು ಬರೆದಿದ್ದಾರೆ. ಮದುವಣಗಿತ್ತಿ ಹೊರಡಬೇಕೆಂದರೆ ಸುಮ್ನೆ ಆಗುತ್ತದೆಯೇ?

ರೋಮನ್ನರ ಯಂತ್ರದ ದಾರಿಯೇ ಬೇರೆ. ಪ್ರಾಣಿಗಳ ನರ, ಇಲ್ಲವೇ ಕೂದಲಿನಿಂದ ಹೊಸೆದ ದಪ್ಪ ಹಗ್ಗಗಳನ್ನು ಬಿಗಿಯಾಗಿ ತಿರುಚಿ, ನಡುವೆ ಒಂದು ಮರದ ತೋಳು ಸಿಕ್ಕಿಸುತ್ತಿದ್ದರು. ತೋಳನ್ನು ಹಿಂದಕ್ಕೆ ಎಳೆದು ಬಿಟ್ಟರೆ ಹಗ್ಗದ ಸಿಟ್ಟೆಲ್ಲ ಕಲ್ಲಿಗೆ. ಇದನ್ನು ಮೊದಲು ‘ಚೇಳು’ ಎನ್ನುತ್ತಿದ್ದರು, ಕೊಂಡಿ ಎತ್ತಿಕೊಂಡು ನಿಂತಿರುತ್ತಿತ್ತಲ್ಲ, ಅದಕ್ಕೆ. ನಾಲ್ಕನೇ ಶತಮಾನದ ಹೊತ್ತಿಗೆ ‘ಕಾಡುಕತ್ತೆ’ ಎನ್ನತೊಡಗಿದರು. ಆ ಕಾಲದ ಸೈನಿಕ, ಇತಿಹಾಸಕಾರ ಅಮ್ಮಿಯಾನಸ್ ಕಾರಣ ಕೊಡುತ್ತಾನೆ: ಬೇಟೆಗಾರರು ಅಟ್ಟಿಸಿಕೊಂಡು ಹೋದರೆ ಕಾಡುಕತ್ತೆ ಹಿಂಗಾಲಿನಿಂದ ಕಲ್ಲು ಝಾಡಿಸುತ್ತದಂತೆ. ಇದನ್ನು ಕಲ್ಲಿನ ಗೋಡೆಯ ಮೇಲೆ ಇಡಬಾರದು, ಒದೆತಕ್ಕೆ ಗೋಡೆಯೇ ಸಡಿಲವಾಗುತ್ತದೆ ಎಂಬ ಎಚ್ಚರಿಕೆಯೂ ಅವನದೇ. ಕತ್ತೆಯ ಹಿಂದೆ ನಿಂತು ಅನುಭವಿಸಿದವನ ಮಾತಿನ ಹಾಗೇ ಇದೆ.

ಕೂದಲಿನ ವಿಷಯ ಮಾತ್ರ ತಮಾಷೆಯದ್ದಲ್ಲ. ಕ್ರಿ.ಪೂ. 149ರಲ್ಲಿ ರೋಮನ್ನರು ಉತ್ತರ ಆಫ್ರಿಕಾದ ಕಾರ್ಥೇಜ್ ಊರಿನವರ ಆಯುಧಗಳನ್ನೆಲ್ಲ ಕಿತ್ತುಕೊಂಡು, ಆಮೇಲೆ ಊರನ್ನೇ ಬಿಟ್ಟುಹೋಗಿ ಎಂದರು. ಜನ ಬಾಗಿಲು ಹಾಕಿಕೊಂಡು ಹಗಲು ರಾತ್ರಿ ಹೊಸ ಯಂತ್ರ ಕಟ್ಟಿದರು. ಹಗ್ಗಕ್ಕೆ ನಾರು ಸಿಗದೆ ಹೆಂಗಸರು ತಲೆಗೂದಲು ಕತ್ತರಿಸಿ ಕೊಟ್ಟರು. ಆ ಯಂತ್ರಗಳ ಹೆಸರನ್ನು ಯಾರೂ ಬರೆದಿಟ್ಟಿಲ್ಲ.

ಹೆಸರಿಗೂ ಯಜಮಾನನಿಗೂ ಸಂಬಂಧವಿದೆ ಅಂತ ನನ್ನ ಲೆಕ್ಕ. ಹಗ್ಗ ಜಗ್ಗುವವನು ಹೆಸರಿಟ್ಟರೆ ನೆಂಟ, ಕತ್ತೆ ಅಂತ ಬರುತ್ತದೆ. ದೊರೆ ಇಟ್ಟರೆ ಬರೀ ಆರ್ಭಟ. ಇಂಗ್ಲೆಂಡಿನ ಮೊದಲನೆಯ ಎಡ್ವರ್ಡ್ 1304ರಲ್ಲಿ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಕೋಟೆಯ ಮುಂದೆ ಕಟ್ಟಿಸಿದ್ದು ‘ಯುದ್ಧದ ತೋಳ’. ಭಾರಕ್ಕೆಂದು ಚರ್ಚುಗಳ ಚಾವಣಿಯ ಸೀಸ ಕೀಳಿಸಿದ್ದ. ಯಂತ್ರ ಸಿದ್ಧವಾಗುವ ಹೊತ್ತಿಗೆ ಕೋಟೆಯವರು ಶರಣಾಗುತ್ತೇವೆ ಎಂದರು. ದೊರೆ ಒಪ್ಪಲಿಲ್ಲ. ಇಷ್ಟು ಖರ್ಚು ಮಾಡಿ ಕಟ್ಟಿಸಿದ್ದನ್ನು ಒಂದು ಸಲವಾದರೂ ನೋಡಬೇಡವೇ? ಎಸೆಸಿ, ಗೋಡೆ ಬೀಳುವುದನ್ನು ಕಣ್ಣಾರೆ ನೋಡಿ, ಆಮೇಲೆ ಶರಣಾಗತಿ ಒಪ್ಪಿಕೊಂಡ.

1291ರಲ್ಲಿ ಮತ್ತೆ ಆಕ್ರೆಗೇ ಮುತ್ತಿಗೆ, ಈ ಸಲ ಈಜಿಪ್ಟಿನ ಸುಲ್ತಾನನದ್ದು. ದೊಡ್ಡ ಯಂತ್ರಗಳಿಗೆ ‘ಮನ್ಸೂರಿ’, ‘ಕೋಪಿಷ್ಠ’ ಎಂದೆಲ್ಲ ಹೆಸರು. ಸಣ್ಣವಕ್ಕೆ ‘ಕರಿ ಎತ್ತುಗಳು’. ಮನ್ಸೂರಿಯನ್ನು ಬಿಚ್ಚಿ 100 ಗಾಡಿಗಳಿಗೆ ಹೇರಿದ್ದರು. ಅದರಲ್ಲಿ ಒಂದು ಗಾಡಿಯ ಉಸ್ತುವಾರಿ ಹದಿಹರೆಯದ ಅಬುಲ್ ಫಿದಾನದ್ದು. ಮುಂದೆ ಅವನು ಸಿರಿಯಾದ ಹಮಾ ಊರಿನ ಅರಸನಾದ, ಹೆಸರಾಂತ ಇತಿಹಾಸಕಾರನೂ ಆದ. ಆ ಪ್ರಯಾಣ ಮಾತ್ರ ಅವನಿಗೆ ಮರೆಯಲಿಲ್ಲ. ಚಳಿಗಾಲ, ಮಳೆ, ಹಿಮ. ಎತ್ತುಗಳು ಬಡಕಲಾಗಿ ಚಳಿಗೆ ಸತ್ತವು. ಎಂಟು ದಿನದ ದಾರಿಗೆ ಒಂದು ತಿಂಗಳು ಹಿಡಿಯಿತು ಎಂದು ಬರೆದಿದ್ದಾನೆ. ಗೋಡೆ ಬಿದ್ದ ಕಥೆಗಿಂತ ಈ ಗಾಡಿಯ ಕಥೆಯೇ ನನಗೆ ಹೆಚ್ಚು ಇಷ್ಟ. ಗೆದ್ದವರ ಪಟ್ಟಿಯಲ್ಲಿ ಎತ್ತುಗಳನ್ನು ಯಾರು ಬರೆಯುತ್ತಾರೆ ಹೇಳಿ.

ಮದ್ದುಗುಂಡು ಬಂದಮೇಲೆ ಕಲ್ಲಿನ ಯಂತ್ರಗಳು ಮೂಲೆ ಸೇರಿದವು, ಹೆಸರಿಡುವ ಚಟ ಹೋಗಲಿಲ್ಲ. ವಿಜಯಪುರದ ಬುರುಜಿನ ಮೇಲೆ ಮಲಗಿರುವ ಫಿರಂಗಿ ಮಲಿಕ್-ಎ-ಮೈದಾನ್ ಇದೆಯಲ್ಲ, ‘ಮೈದಾನದ ಒಡೆಯ’, ಅದೂ ಇದೇ ಮನೆತನದ್ದು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ಬಾಯಿ ತೆರೆದ ಸಿಂಹ, ಹಲ್ಲಿನ ನಡುವೆ ಸಿಕ್ಕಿಕೊಂಡ ಆನೆ, ತೂಕ ಸುಮಾರು 55 ಟನ್. 1854ರಲ್ಲಿ ಇದನ್ನು ಹರಾಜಿಗೆ ಇಟ್ಟಾಗ ಕೂಗು 150 ರೂಪಾಯಿಗೆ ನಿಂತಿತು. ಇದು ತೀರಾ ಕಡಿಮೆ ಎಂದು ಅಧಿಕಾರಿ ಮಾರಾಟವನ್ನೇ ರದ್ದು ಮಾಡಿದ. ಪಾಪ, ಕೂಗಿದವನನ್ನೂ ಅನ್ನುವ ಹಾಗಿಲ್ಲ. ಒಡೆಯನನ್ನು ಬುರುಜಿನಿಂದ ಇಳಿಸಿ ಮನೆ ಮುಟ್ಟಿಸೋಕೆ ಎಷ್ಟು ಜೋಡಿ ಎತ್ತು ಬೇಕು ಅನ್ನುವ ಬಾಬತ್ತನ್ನೂ ಕಳೆದೇ ಬೆಲೆ ಹೇಳಿರಬೇಕು.